ಸಹಾಯ ಬೇಕು: ಕುಡಿತ ಬಿಡಿಸುವ ಕೌನ್ಸೆಲರ್ ಆಗಬೇಕು, ಎಲ್ಲಿ ಕಲಿಯಲಿ?

ಎಲ್ಲರಿಗೂ ನಮಸ್ಕಾರ. ನಾನು ಕುಡಿತ ಬಿಟ್ಟು ಆರು ವರ್ಷ ಆಯ್ತು. ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರದಲ್ಲಿ ಬಿಟ್ಟಿದ್ದು. ಮೊದಲ ದಿನಗಳಲ್ಲಿ ಕೈ ಎಷ್ಟು ನಡುಗುತ್ತಿತ್ತು ಅಂದ್ರೆ, ಲೋಟದ ಕಾಫಿ ಅರ್ಧ ಪಂಚೆ ಮೇಲೇ.

ಈಗ ಊರಲ್ಲಿ ಯಾರ ಮನೆಯಲ್ಲಿ ಕುಡಿತದ ಗಲಾಟೆಯಾದರೂ ನನ್ನನ್ನೇ ಕರೆಯುತ್ತಾರೆ. ಹೋಗುತ್ತೇನೆ. ಆದರೆ ನನ್ನ ಕಥೆ ಹೇಳೋದು ಬೇರೆ, ಕೌನ್ಸೆಲಿಂಗ್ ಬೇರೆ ಅಲ್ವಾ? ಹೋದ ತಿಂಗಳು ಒಬ್ಬ ಹುಡುಗನಿಗೆ ‘ಇವತ್ತಿಂದಲೇ ಬಿಟ್ಟುಬಿಡು’ ಅಂದೆ. ಎರಡನೇ ದಿನ ಫಿಟ್ಸ್ ಬಂತು. ದಿನಾ ಜಾಸ್ತಿ ಕುಡಿಯುವವರು ದಿಢೀರ್ ಅಂತ ನಿಲ್ಲಿಸಿದರೆ ಹೀಗಾಗಬಹುದು, ಡಾಕ್ಟರ್ ನೋಡಿಕೊಳ್ಳಬೇಕು ಅಂತ ಆಮೇಲೆ ತಿಳಿಯಿತು. ಹುಡುಗ ಆರಾಮಾಗಿದ್ದಾನೆ. ನನಗೇ ಇನ್ನೂ ಸರಿಯಾಗಿ ನಿದ್ದೆಯಿಲ್ಲ.

ವಯಸ್ಸು 41, ಬಿಎ ಆಗಿದೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಇಲ್ಲದೆ ವ್ಯಸನಮುಕ್ತಿ ಕೇಂದ್ರಗಳಲ್ಲಿ ಕೆಲಸ ಕೊಡುತ್ತಾರಾ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಥವಾ ಚೆನ್ನೈನ ಟಿ.ಟಿ. ರಂಗನಾಥನ್ ಫೌಂಡೇಶನ್‌ನಲ್ಲಿ ತರಬೇತಿ ಪಡೆದವರು ಇಲ್ಲಿದ್ದರೆ ಹೇಳಿ: ಎಷ್ಟು ದಿನ, ಖರ್ಚೆಷ್ಟು, ಇಂಗ್ಲಿಷ್ ಎಷ್ಟು ಬೇಕು? ನನ್ನದು ಚಿಲ್ಲರೆ ಅಂಗಡಿ, ವರ್ಷಗಟ್ಟಲೆ ಬಾಗಿಲು ಹಾಕಲು ಆಗೋದಿಲ್ಲ.

ಎರಡೇ ದಿನದಲ್ಲಿ ಸರ್ಟಿಫಿಕೇಟ್ ಅನ್ನೋ ಲಿಂಕ್‌ಗಳನ್ನು ಸುಮ್ನೆ ಕಳಿಸಬೇಡಿ, ದಯವಿಟ್ಟು.