ಹಳೆಯ ಆಬು ರೀಲನ್ನು ಮನೆಯಲ್ಲೇ ಸುಧಾರಿಸುವಾಗ ಎಲ್ಲಿಯವರೆಗೆ ಕೈ ಹಾಕಬಹುದು?

ಜಾಲಹಳ್ಳಿ ಗಾಳ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನವರು ಕಾವೇರಿಯ ದಡದಲ್ಲಿ ಗಾಳ ಹಾಕುತ್ತಿದ್ದ ಕಾಲದಲ್ಲಿ ಬಳಸಿದ, ಗಾಳದ ದಾರ ಸುತ್ತುವ ಆಬು ಅಂಬಾಸಡರ್ 6500ಸಿ ರೀಲು ಈಗ ನನ್ನ ಬಳಿ ಇದೆ. ಅವರು ತೀರಿಕೊಂಡ ಮೇಲೆ, ಕಳೆದ ಯುಗಾದಿಯಂದು, ಚಿಕ್ಕಮ್ಮ ಅದನ್ನು ಚರ್ಮದ ಪೆಟ್ಟಿಗೆಯ ಸಮೇತ ಬೀರುವಿನಿಂದ ತೆಗೆದು, “ಇಲ್ಲಿ ಸುಮ್ಮನೆ ಕೂತಿರುವುದಕ್ಕಿಂತ ನಿನ್ನ ಕೈಯಲ್ಲಿ ತಿರುಗಲಿ” ಎಂದು ಕೊಟ್ಟರು. ರೀಲಿನ ಪಾದದ ಅಡಿಯಲ್ಲಿ 780400 ಎಂಬ ಸಂಖ್ಯೆ ಇದೆ. ಸುಮಾರು 25 ವರ್ಷ ಅದನ್ನು ಯಾರೂ ಬಿಚ್ಚಿಲ್ಲ.

ಅದರ ಈಗಿನ ಸ್ಥಿತಿ ಹೀಗಿದೆ. ಸ್ಪೂಲನ್ನು, ಅಂದರೆ ದಾರ ಸುತ್ತಿಕೊಳ್ಳುವ ಉರುಳೆಯನ್ನು, ಬೆರಳಿನಿಂದ ತಿರುಗಿಸಿದರೆ ಒಣಗಿದ ಸದ್ದಿನೊಡನೆ ಎರಡು ಮೂರು ಸುತ್ತಿಗೆ ನಿಲ್ಲುತ್ತದೆ. ಡ್ರ್ಯಾಗಿನ (ಮೀನು ಎಳೆದಾಗ ದಾರವನ್ನು ಹಿಡಿತದಲ್ಲಿ ಜಾರಲು ಬಿಡುವ ತಡೆಯ) ನಕ್ಷತ್ರಾಕಾರದ ಚಕ್ರವನ್ನು ಹದಕ್ಕೆ ಬಿಗಿ ಮಾಡಿ ದಾರ ಎಳೆದರೆ ಮೊದಲು ಹಿಡಿದು ನಿಂತು ಆಮೇಲೆ ಒಮ್ಮೆಲೇ ಜಗ್ಗಿ ಬಿಡುತ್ತದೆ. ಎಡಗಡೆಯ ತಟ್ಟೆಯ ಅಂಚಿನಲ್ಲಿ ಬಿಳಿಯ ಪುಡಿಯಂಥ ಪದರ ಕಟ್ಟಿದೆ. ನಾನು ವರ್ಷಕ್ಕೆ ಎರಡು ಮೂರು ಬಾರಿ ಮುರುಡೇಶ್ವರದ ಕಡೆಯ ಬಂಡೆಗಳ ಮೇಲಿಂದ ಗಾಳ ಎಸೆಯುತ್ತೇನೆ. ಉಳಿದ ದಿನಗಳಲ್ಲಿ ಬೆಂಗಳೂರಿನ ಸುತ್ತಮುತ್ತ ಹಣ ಕೊಟ್ಟು ಹಿಡಿಯುವ ಕೊಳಗಳಲ್ಲಿ ಕಟ್ಲಾ, ರೋಹುಗಳಿಗಾಗಿ ಕುಳಿತಿರುತ್ತೇನೆ. ಎರಡಕ್ಕೂ ಈ ರೀಲು ಒದಗಬೇಕೆಂಬುದು ಆಸೆ.

ನನ್ನ ತಂದೆಯವರು ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಸಣ್ಣ ತಿರುಪುಳಿಗಳು, ಚಿಮಟಗಳು, ಕಣ್ಣಿಗೆ ಹಾಕುವ ಭೂತಗನ್ನಡಿ ಎಲ್ಲವೂ ಮನೆಯಲ್ಲಿವೆ. ಆದ್ದರಿಂದ ಬಿಚ್ಚುವುದಕ್ಕೆ ಭಯವಿಲ್ಲ. ನನ್ನ ಪ್ರಶ್ನೆಗಳು ಇಷ್ಟು: ಹೊಸ ಬೇರಿಂಗು ಬೆಂಗಳೂರಿನಲ್ಲಿ ಸಿಗುತ್ತದೆಯೇ? ಡ್ರ್ಯಾಗಿಗೆ ಕಾರ್ಬನ್ ಫೈಬರ್ ವಾಷರ್ ಹಾಕಿದರೆ ಹಳೆಯ ಗೇರು ತಡೆದುಕೊಳ್ಳುತ್ತದೆಯೇ? ದೂರಕ್ಕೆ ಎಸೆಯುವಾಗ ದಾರ ಸಿಕ್ಕಾಗದಿರಲು ಎಡ ತಟ್ಟೆಗೆ ತೂತು ಕೊರೆದು ಆಯಸ್ಕಾಂತದ ಬ್ರೇಕ್ ಕೂರಿಸಬೇಕೆಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ, ಆದರೆ ಚಿಕ್ಕಪ್ಪನವರ ರೀಲಿಗೆ ಡ್ರಿಲ್ ಹಿಡಿಯಲು ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ದಾರಿ ತೋರಿಸಬೇಕು.

ಯಲಹಂಕ ಕೆರೆದಂಡೆ

ಮೊದಲಿಗೆ ಆ ಸಂಖ್ಯೆಯ ಅರ್ಥ ಹೇಳಿಬಿಡುತ್ತೇನೆ. ಆ ಕಾಲದ ಅಂಬಾಸಡರ್ ರೀಲುಗಳ ಪಾದದ ಮೇಲಿನ ಮೊದಲ ಎರಡು ಅಂಕಿಗಳು ವರ್ಷವನ್ನೂ ನಂತರದ ಎರಡು ತಿಂಗಳನ್ನೂ ಕೊನೆಯ ಎರಡು ಆವೃತ್ತಿಯನ್ನೂ ಸೂಚಿಸುತ್ತವೆ. ನಿಮ್ಮದು 1978ರ ಏಪ್ರಿಲ್‌ನದು. ಬಿಡಿಭಾಗ ತರಿಸುವಾಗ ಈ ಆರೂ ಅಂಕಿಗಳನ್ನು ಕೊಡಿ, ಏಕೆಂದರೆ ಒಂದೇ ಹೆಸರಿನ ಮಾದರಿಯಲ್ಲಿ ಆವೃತ್ತಿಯಿಂದ ಆವೃತ್ತಿಗೆ ಭಾಗಗಳು ಬದಲಾಗಿವೆ. ನಿಮ್ಮ ತಂದೆಯವರಿಗೆ ಇಷ್ಟವಾಗಬಹುದಾದ ಇನ್ನೊಂದು ಸಂಗತಿಯೂ ಇದೆ. ಆಬು ಎಂಬುದು ಎ.ಬಿ. ಉರ್‌ಫಾಬ್ರಿಕೆನ್ ಎಂಬುದರ ಸಂಕ್ಷೇಪ, ಸ್ವೀಡಿಷ್ ಭಾಷೆಯಲ್ಲಿ ಹಾಗೆಂದರೆ ಗಡಿಯಾರದ ಕಾರ್ಖಾನೆ. ಸ್ವೀಡನ್ನಿನ ಸ್ವಾಂಗ್‌ಸ್ಟಾ ಎಂಬ ಊರಿನಲ್ಲಿ 1921ರಲ್ಲಿ ಆರಂಭವಾದ ಆ ಕಾರ್ಖಾನೆ ಗಡಿಯಾರ ಮತ್ತು ಟ್ಯಾಕ್ಸಿ ಮೀಟರುಗಳ ಕೆಲಸದಿಂದ ಮೀನಿನ ರೀಲಿಗೆ ಬಂದದ್ದು. ಮೊದಲ ಅಂಬಾಸಡರ್ 5000 ಬಂದದ್ದು 1952ರಲ್ಲಿ. ಒಳಗಿನ ಕೆಲಸದಲ್ಲಿ ಆ ಗಡಿಯಾರದ ಕೈಯನ್ನು ಅವರು ಗುರುತಿಸಿಯೇ ಗುರುತಿಸುತ್ತಾರೆ.

ಏನನ್ನೂ ಕೊಳ್ಳುವ ಮುನ್ನ ರೀಲನ್ನು ಪೂರ್ತಿ ಬಿಚ್ಚಿ ತೊಳೆಯಿರಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಚಿತ್ರ ತೆಗೆದು, ಬಿಚ್ಚಿದ ಭಾಗಗಳನ್ನು ಮೊಟ್ಟೆಯ ತಟ್ಟೆಯ ಗುಳಿಗಳಲ್ಲಿ ಕ್ರಮವಾಗಿ ಇಟ್ಟರೆ ಜೋಡಿಸುವಾಗ ಹುಡುಕಾಟವಿರುವುದಿಲ್ಲ. ತಿರುಪಿನ ಗೀರಿಗೆ ಸರಿಯಾಗಿ ತುಂಬಿ ಕೂರುವ ತಿರುಪುಳಿಯನ್ನೇ ಬಳಸಬೇಕು. ಬಿಗಿದುಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬೆಸುಗೆ ಕಡ್ಡಿಯ ತುದಿಯಿಂದ ತಿರುಪಿನ ತಲೆಯನ್ನು ಬಿಸಿ ಮಾಡಿ ಪ್ರಯತ್ನಿಸಿ. ಹಳೆಯ ಗ್ರೀಸು ಸೀಮೆಎಣ್ಣೆಯಲ್ಲಿ ಕರಗುತ್ತದೆ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚನೆಯ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಬಿಳಿಯ ಪುಡಿ ಉಪ್ಪಿನಿಂದ ಅಲ್ಯೂಮಿನಿಯಂ ಸವೆದ ಗುರುತು. ಅದನ್ನು ತೆಗೆಯಲು ವಿನೆಗರ್, ಬಚ್ಚಲಿನ ಆಸಿಡ್, ಕಾಸ್ಟಿಕ್ ಸೋಡಾ ಯಾವುದನ್ನೂ ಮುಟ್ಟಿಸಬೇಡಿ. ತಟ್ಟೆಯ ಮೇಲಿನ ಕಪ್ಪು ಆನೊಡೈಸ್ ಪದರವೇ ಎದ್ದುಹೋಗುತ್ತದೆ. ತೊಳೆದ ಬಳಿಕ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ, ಆದರೆ ಅದು ಕೆಲವೇ ತಿಂಗಳಲ್ಲಿ ಅಂಟಾಗಿ ಕೂರುತ್ತದೆ.

ಬೇರಿಂಗಿನ ವಿಷಯದಲ್ಲಿ ನಿಮಗೆ ಸುಲಭವಾದ ಉತ್ತರವಿದೆ. 6500ಸಿ ಸ್ಪೂಲಿನ ಬೇರಿಂಗಿನ ಅಳತೆ ಒಳಗೆ 3 ಮಿ.ಮೀ., ಹೊರಗೆ 10 ಮಿ.ಮೀ., ದಪ್ಪ 4 ಮಿ.ಮೀ.; ಅಂಗಡಿಯ ಭಾಷೆಯಲ್ಲಿ ಇದು 623. ರೀಲಿನ ಬೇರಿಂಗು ಎಂದು ಕೇಳಿದರೆ ಯಾರೂ ಕೊಡುವುದಿಲ್ಲ, ಎಸ್‌.ಜೆ.ಪಿ. ರಸ್ತೆಯ ಬೇರಿಂಗ್ ಅಂಗಡಿಯಲ್ಲಿ 623 ಎಂದರೆ ತಕ್ಷಣ ತೆಗೆದುಕೊಡುತ್ತಾರೆ, ತ್ರೀ-ಡಿ ಪ್ರಿಂಟರಿನ ಭಾಗ ಮಾರುವ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲೂ ಸಿಗುತ್ತದೆ. ಆದರೂ ಹಳೆಯದನ್ನು ಕ್ಯಾಲಿಪರಿನಲ್ಲಿ ಅಳೆಯದೆ ಹೋಗಬೇಡಿ. ನೀವು ಕಡಲಿಗೆ ಹೋಗುವವರಾದ್ದರಿಂದ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಕೇಳಿ. ಅಂಗಡಿಯ ಬೇರಿಂಗಿನೊಳಗೆ ಮೋಟರಿಗೆಂದು ಗ್ರೀಸು ತುಂಬಿರುತ್ತದೆ; ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಒಣಗಿಸಿ, ತೆಳು ಎಣ್ಣೆಯ ಎರಡೇ ಹನಿ ಬಿಡಬೇಕು. ಗ್ರೀಸು ತೊಳೆಯದ ಹೊಸ ಬೇರಿಂಗು ಚೆನ್ನಾಗಿರುವ ಹಳೆಯ ಬೇರಿಂಗಿಗಿಂತ ಮಂದವಾಗಿ ತಿರುಗುವುದುಂಟು. ಸೆರಾಮಿಕ್ ಗುಂಡುಗಳ ಬೇರಿಂಗಿಗೆ ಹಣ ಸುರಿಯುವ ಅಗತ್ಯ ನನಗೆ ಕಂಡಿಲ್ಲ, ಏಕೆಂದರೆ ಗುಂಡುಗಳಿಗೆ ತುಕ್ಕು ಹಿಡಿಯದಿದ್ದರೂ ಅವು ಓಡುವ ಉಕ್ಕಿನ ಬಳೆಗಳಿಗೆ ಹಿಡಿಯುತ್ತದೆ. ಬೇರಿಂಗನ್ನು ಹಿಡಿದಿರುವ ತಂತಿಯ ಕ್ಲಿಪ್ಪನ್ನು ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ತೆಗೆಯಿರಿ. ನನ್ನದೊಂದು ಕ್ಲಿಪ್ಪು ಚಿಮ್ಮಿ ಹೋದದ್ದು ಇವತ್ತಿಗೂ ಸಿಕ್ಕಿಲ್ಲ.

ಇನ್ನು ಡ್ರ್ಯಾಗ್. ಅದು ಜಗ್ಗುವುದಕ್ಕೆ ಕಾರಣ, ಒಣಗಿ ಗಟ್ಟಿಯಾದ ವಾಷರು ನಿಂತಿರುವಾಗ ತೋರುವ ಘರ್ಷಣೆಗೂ ಜಾರಲು ಆರಂಭಿಸಿದ ಮೇಲಿನ ಘರ್ಷಣೆಗೂ ಇರುವ ದೊಡ್ಡ ಅಂತರ. ಮೀನು ಮೊದಲ ಬಾರಿ ಓಡಿದಾಗ ದಾರ ತುಂಡಾಗುವುದು ಈ ಅಂತರದಿಂದಲೇ. ಕಾರ್ಬನ್ ಫೈಬರಿನಲ್ಲಿ ಈ ಅಂತರ ಬಹಳ ಕಡಿಮೆ, ಆದ್ದರಿಂದ ಹಳೆಯ ರೀಲಿಗೆ ಮಾಡಬಹುದಾದ ಬದಲಾವಣೆಗಳಲ್ಲಿ ಅತ್ಯಂತ ಹೆಚ್ಚು ಫಲ ಕೊಡುವುದು ಇದೇ ಎಂಬುದು ನನ್ನ ಅನುಭವ. ಮಧ್ಯದ ಲೋಹದ ವಾಷರುಗಳನ್ನು ಗಾಜಿನ ಮೇಲಿಟ್ಟ 600, ಆಮೇಲೆ 1000 ನಂಬರಿನ ನೀರು ಪೇಪರಿನ (ನೀರು ಹಾಕಿ ಉಜ್ಜುವ ಮರಳು ಕಾಗದದ) ಮೇಲೆ ಸಮತಟ್ಟಾಗುವವರೆಗೆ ಉಜ್ಜಿ. ಹಳೆಯ ಘರ್ಷಣೆಯ ವಾಷರುಗಳನ್ನು ಮಾತ್ರ ಒಣಗಿದ ಸ್ಥಿತಿಯಲ್ಲಿ ಉಜ್ಜಬೇಡಿ. ಹಿಂದಿನ ಕಾಲದಲ್ಲಿ ಇಂಥ ಭಾಗಗಳಿಗೆ ಆಸ್ಬೆಸ್ಟಾಸ್ ಬಳಸುತ್ತಿದ್ದರು, ಅದರ ಪುಡಿ ಉಸಿರಿಗೆ ಅಪಾಯ. ಬೋಗುಣಿಯಂತೆ ಬಾಗಿದ ಸ್ಪ್ರಿಂಗ್ ವಾಷರುಗಳು ಯಾವ ಕಡೆಗೆ ಮುಖ ಮಾಡಿವೆ ಎಂಬುದನ್ನು ಚಿತ್ರ ತೆಗೆದಿಟ್ಟುಕೊಳ್ಳಿ, ಅವು ತಿರುಗಿ ಕೂತರೆ ಡ್ರ್ಯಾಗ್ ಹದಕ್ಕೆ ಬರುವುದೇ ಇಲ್ಲ.

ಪೀಣ್ಯ ಲೇತ್

ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ. ಗೇರಿನ ಬಗ್ಗೆ ಕೇಳಿದ್ದೀರಿ, ಅದಕ್ಕೆ ಉತ್ತರ ಉಳಿದಿದೆ. ಈ ರೀಲಿನಲ್ಲಿ ಡ್ರ್ಯಾಗ್ ವಾಷರುಗಳು ದೊಡ್ಡ ಹಿತ್ತಾಳೆಯ ಗೇರಿನೊಳಗೇ ಇವೆ. ಡ್ರ್ಯಾಗ್ ಜಾರುವವರೆಗೆ ದಾರದ ಎಳೆತವಷ್ಟೂ ಆ ಗೇರಿನ ಹಲ್ಲುಗಳ ಮೇಲೆ, ಹಿಂದಕ್ಕೆ ತಿರುಗದಂತೆ ತಡೆಯುವ ಸಣ್ಣ ಕೊಂಡಿಯ ಮೇಲೆ ಬೀಳುತ್ತದೆ. ಹಳೆಯ ವಾಷರು ಬೇಗ ಜಾರುತ್ತಿದ್ದುದರಿಂದಲೇ ಹಲ್ಲುಗಳು ಇಷ್ಟು ವರ್ಷ ಉಳಿದಿವೆ. ಕಾರ್ಬನ್ ಹಾಕಿದ ಮೇಲೆ ನಕ್ಷತ್ರ ಚಕ್ರವನ್ನು ಹಿಂದಿಗಿಂತ ಬಿಗಿಯಾಗಿ ತಿರುಗಿಸಲು ಸಾಧ್ಯವಾಗುತ್ತದೆ, ತಿರುಗಿಸಬೇಕೆಂದು ಆಸೆಯೂ ಆಗುತ್ತದೆ. ಹಲ್ಲು ಮುರಿಯುವುದು ಆಗ. ನೀವು ಕಾರ್ಬನ್ ಹಾಕಬೇಕಾದದ್ದು ನಯವಾದ ಜಾರಿಕೆಗಾಗಿಯೇ ಹೊರತು ಹೆಚ್ಚಿನ ಬಲಕ್ಕಾಗಿ ಅಲ್ಲ. ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿ. 15 ಪೌಂಡಿನ, ಅಂದರೆ ಸುಮಾರು 6.8 ಕೆ.ಜಿ. ತಡೆಯುವ ದಾರವಾದರೆ 1.7ರಿಂದ 2.2 ಕೆ.ಜಿ.ಯ ಒಳಗೆ ಜಾರಬೇಕು. ಮೀನು ಓಡಿ ಸ್ಪೂಲಿನ ಮೇಲೆ ಉಳಿದ ದಾರದ ಸುತ್ತಳತೆ ಅರ್ಧಕ್ಕೆ ಇಳಿದಾಗ ಅದೇ ಬಿಗಿತ ದಾರದ ಮೇಲೆ ಎರಡರಷ್ಟಾಗುತ್ತದೆ ಎಂಬುದನ್ನೂ ಲೆಕ್ಕದಲ್ಲಿಡಿ.

ಆಯಸ್ಕಾಂತದ ಬ್ರೇಕಿನ ಕೆಲಸ ಹೀಗೆ. ಅಲ್ಯೂಮಿನಿಯಂ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಅದರೆದುರು ವೇಗವಾಗಿ ತಿರುಗುವ ಸ್ಪೂಲಿನಲ್ಲಿ ಸುಳಿಯಂಥ ವಿದ್ಯುತ್ ಪ್ರವಾಹ ಹುಟ್ಟಿ ಓಟವನ್ನು ತಡೆಯುತ್ತದೆ. ಈ ತಡೆ ವೇಗದ ಜೊತೆಗೆ ಒಂದೇ ಪ್ರಮಾಣದಲ್ಲಿ ಏರುತ್ತದೆ. ನಿಮ್ಮ ರೀಲಿನಲ್ಲಿ ಈಗಾಗಲೇ ಇರುವ, ಅಡ್ಡ ಕಡ್ಡಿಯ ಮೇಲೆ ಜಾರಿ ಹೊರಗಿನ ಬಳೆಗೆ ಉಜ್ಜುವ ಎರಡು ಸಣ್ಣ ಬಿಲ್ಲೆಗಳ ತಡೆಯಾದರೋ ವೇಗದ ವರ್ಗದಂತೆ ಏರುತ್ತದೆ. ಎಂದರೆ ಎಸೆತದ ಆರಂಭದ ಭಾರಿ ವೇಗದಲ್ಲಿ ಬಿಲ್ಲೆಗಳೇ ಬಲವಾಗಿ ಹಿಡಿಯುತ್ತವೆ, ಕೊನೆಯಲ್ಲಿ ಬಿಟ್ಟುಬಿಡುತ್ತವೆ. ಆಯಸ್ಕಾಂತ ಕೊನೆಯವರೆಗೂ ಸ್ವಲ್ಪ ಹಿಡಿದೇ ಇರುತ್ತದೆ. ಎದುರುಗಾಳಿಯಲ್ಲಿ, ಬಂಡೆಯ ಮೇಲೆ ಕತ್ತಲಲ್ಲಿ ಎಸೆಯುವವರಿಗೆ ಅದು ನಿಜವಾಗಿ ಉಪಕಾರಿ.

ಹಾಗಿದ್ದರೂ ತೂತು ಕೊರೆಯಬೇಡಿ ಎಂದೇ ನಾನು ಹೇಳುತ್ತೇನೆ. ಲೇತ್ ಮುಂದೆ 22 ವರ್ಷ ನಿಂತಿರುವ ನನಗೆ ಕೊರೆಯುವುದು ಐದು ನಿಮಿಷದ ಕೆಲಸ, ಕೊರೆದದ್ದನ್ನು ಮುಚ್ಚುವುದು ಮಾತ್ರ ನನ್ನಿಂದಲೂ ಆಗದು. ಮೊದಲು ಬಿಲ್ಲೆಗಳನ್ನು ಬದಲಿಸಿ ನೋಡಿ; ತೂಕದ ಬಿಲ್ಲೆ ಹಾಕಿದರೆ ತಡೆ ಹೆಚ್ಚುತ್ತದೆ, ಹಗುರವಾದದ್ದಕ್ಕೆ ಕಡಿಮೆಯಾಗುತ್ತದೆ. ಆದರೂ ಆಯಸ್ಕಾಂತವೇ ಬೇಕೆನಿಸಿದರೆ, ಎಡ ತಟ್ಟೆಯ ಒಳಮೈಗೆ ತೆಳುವಾದ ಉಕ್ಕಿನ ವಾಷರನ್ನು ಅಂಟಿಸಿ, ಅದರ ಮೇಲೆ ಸಣ್ಣ ನಿಯೊಡಿಮಿಯಂ ಬಿಲ್ಲೆಗಳನ್ನು ಕೂರಿಸಬಹುದು; ಬೇಡವಾದ ದಿನ ಬಿಸಿ ತಗುಲಿಸಿ ಕಿತ್ತರೆ ರೀಲು ಮೊದಲಿನಂತೆಯೇ ಇರುತ್ತದೆ. ಒಳಗೆ ದಾರ ಹಾಸುವ ಲೆವೆಲ್ ವೈಂಡಿನ ಹಲ್ಲುಚಕ್ರ ಇರುವುದರಿಂದ ಜಾಗ ಬಹಳ ಕಡಿಮೆ. ಗೋಧಿ ಹಿಟ್ಟಿನ ಸಣ್ಣ ಉಂಡೆಯನ್ನು ಆ ಜಾಗದಲ್ಲಿಟ್ಟು ತಟ್ಟೆಯನ್ನು ಮುಚ್ಚಿ ತೆಗೆಯಿರಿ. ಹಿಟ್ಟು ಎಷ್ಟು ದಪ್ಪಕ್ಕೆ ಚಪ್ಪಟೆಯಾಗಿದೆಯೋ ಅದಕ್ಕಿಂತ ಕನಿಷ್ಠ 1 ಮಿ.ಮೀ. ತೆಳುವಾಗಿ ನಿಮ್ಮ ಜೋಡಣೆ ಇರಬೇಕು. ಕಡಲತೀರದ ಕಪ್ಪು ಮರಳು ಆಯಸ್ಕಾಂತಕ್ಕೆ ಅಂಟಿ ಒಳಗೇ ಉಳಿಯುತ್ತದೆ, ಆದ್ದರಿಂದ ಪ್ರತಿ ಪ್ರವಾಸದ ನಂತರ ಬಿಚ್ಚಿ ಒರೆಸುವ ಶ್ರಮಕ್ಕೆ ಸಿದ್ಧರಿರಿ.

ವಿಜಯನಗರ, ಮೂಲ ಮಲ್ಪೆ

ದಾರದ ಬಗ್ಗೆ ಯಾರೂ ಹೇಳದಿರುವುದರಿಂದ ಬರೆಯುತ್ತಿದ್ದೇನೆ. ಈ ರೀಲು ಹುಟ್ಟಿದ ಕಾಲದಲ್ಲಿ ಬಳಕೆಯಲ್ಲಿದ್ದದ್ದು ನೈಲಾನ್ ದಾರ. ಅದು ಹಿಗ್ಗುತ್ತದೆ, ಮೀನಿನ ಹೊಡೆತದ ಒಂದಷ್ಟು ಭಾಗವನ್ನು ತಾನೇ ನುಂಗಿಕೊಳ್ಳುತ್ತದೆ. ಇಂದಿನ ಹೆಣೆದ ದಾರ ಹಿಗ್ಗುವುದೇ ಇಲ್ಲವೆನ್ನಬಹುದು. ಹೊಡೆತವಷ್ಟೂ ನೇರವಾಗಿ ಗೇರಿಗೆ ಮುಟ್ಟುತ್ತದೆ. ನಾನು ಹೆಣೆದ ದಾರ ಹಾಕಿ ಒಂದು ಹಳೆಯ ರೀಲಿನ ತಡೆಗೊಂಡಿಯನ್ನು ಹಾಳು ಮಾಡಿಕೊಂಡಿದ್ದೇನೆ, ಟ್ರೆವಲ್ಲಿ ಮೀನೊಂದು ಬಂಡೆಯ ಕಡೆಗೆ ತಿರುಗಿದಾಗ ಡ್ರ್ಯಾಗನ್ನು ಪೂರ್ತಿ ಬಿಗಿದದ್ದೇ ತಪ್ಪಾಯಿತು. ಹೆಣೆದದ್ದೇ ಬೇಕಿದ್ದರೆ ಸ್ಪೂಲಿನ ತಳದಲ್ಲಿ ಹತ್ತು ಮೀಟರು ನೈಲಾನ್ ಸುತ್ತಿ ಅದಕ್ಕೆ ಗಂಟು ಹಾಕಿ. ಇಲ್ಲವಾದರೆ ನಯವಾದ ಸ್ಪೂಲಿನ ಮೇಲೆ ದಾರದ ಗುಂಪೇ ಜಾರಿ ಸುತ್ತುತ್ತದೆ.

ಉದ್ದದ ಹಿಡಿಕೆ ಹಾಕಲು ಅಡ್ಡಿಯಿಲ್ಲ. ಅಕ್ಷದ ತುದಿಯ ಚಪ್ಪಟೆ ಭಾಗಗಳ ಅಳತೆಗೆ ಹಿಡಿಕೆಯ ರಂಧ್ರ ಹೊಂದಿದರೆ ಸಾಕು, ಮೂಲದ ಹಿಡಿಕೆಯನ್ನು ತೆಗೆದಿಡಬಹುದು. ಈ ರೀಲಿನಲ್ಲಿ ಹಿಡಿಕೆಯ ಒಂದು ಸುತ್ತಿಗೆ ಸ್ಪೂಲು ಸುತ್ತುವುದು 4.7 ಬಾರಿ. ಅದನ್ನು ಹೆಚ್ಚಿಸಲು ಗೇರು ಬದಲಿಸುವ ಯೋಚನೆ ಬಂದರೆ ದೊಡ್ಡ ಗೇರನ್ನೂ ಅದಕ್ಕೆ ಕೂಡುವ ಸಣ್ಣ ಗೇರಾದ ಪಿನಿಯನ್ನನ್ನೂ ಜೋಡಿಯಾಗಿಯೇ ಕೊಳ್ಳಬೇಕು.

ಜಾಲಹಳ್ಳಿ ಗಾಳ

ಮೂವರಿಗೂ ಕೃತಜ್ಞತೆಗಳು. ಮೂರು ಭಾನುವಾರ ತಂದೆಯವರೂ ನಾನೂ ಊಟದ ಮೇಜಿನ ಮೇಲೆ ಇದೇ ಕೆಲಸ ಮಾಡಿದೆವು. ಉರ್‌ಫಾಬ್ರಿಕೆನ್ನಿನ ಸಂಗತಿ ಓದಿ ಹೇಳಿದಾಗ ಅವರು ಭೂತಗನ್ನಡಿಯಲ್ಲಿ ಪಿನಿಯನ್ನಿನ ಹಲ್ಲುಗಳನ್ನು ಬಹಳ ಹೊತ್ತು ನೋಡಿ, “ಇದನ್ನು ಕಡೆದವನು ಕೆಲಸ ಕಲಿತವನು” ಎಂದರು.

ಎರಡು ಬೇರಿಂಗುಗಳಲ್ಲಿ ಒಂದು ತೊಳೆದ ಮೇಲೆ ಚೆನ್ನಾಗಿಯೇ ತಿರುಗಿತು, ಇನ್ನೊಂದರ ಒಳಗೆ ತುಕ್ಕಿನ ಕುಳಿಗಳಿದ್ದವು. ಎರಡಕ್ಕೂ ಸ್ಟೇನ್‌ಲೆಸ್ 623 ತಂದು ಹಾಕಿದೆವು. ಈಗ ಬೆರಳಿನಿಂದ ತಳ್ಳಿದರೆ ಸ್ಪೂಲು ಅರ್ಧ ನಿಮಿಷ ಸದ್ದಿಲ್ಲದೆ ತಿರುಗುತ್ತದೆ. ಕಾರ್ಬನ್ ವಾಷರು ಹಾಕಿ, ಅಡುಗೆಮನೆಯ ಸ್ಪ್ರಿಂಗ್ ತಕ್ಕಡಿಯಲ್ಲಿ 2 ಕೆ.ಜಿ.ಗೆ ನಿಲ್ಲಿಸಿ, ಅಲ್ಲಿಗೆ ನಕ್ಷತ್ರ ಚಕ್ರದ ಮೇಲೆ ಬಿಳಿ ಬಣ್ಣದ ಚುಕ್ಕೆ ಇಟ್ಟಿದ್ದೇನೆ. ಆ ಚುಕ್ಕೆಯನ್ನು ದಾಟಿಸುವುದಿಲ್ಲ. ದಾರ ನೈಲಾನೇ. ಆಯಸ್ಕಾಂತ ಸದ್ಯಕ್ಕೆ ಬೇಡವೆಂದು ನಿರ್ಧರಿಸಿದೆ, ಏಕೆಂದರೆ ಹಿಟ್ಟಿನ ಉಂಡೆ ತೋರಿಸಿದ ಜಾಗ 2 ಮಿ.ಮೀ. ಕೂಡ ಇರಲಿಲ್ಲ. ತೆಗೆದ ಹಳೆಯ ಭಾಗಗಳೆಲ್ಲ ಒಂದು ಡಬ್ಬಿಯಲ್ಲಿ, ಚರ್ಮದ ಪೆಟ್ಟಿಗೆಯ ಪಕ್ಕದಲ್ಲಿವೆ.

ಒಂದೇ ಒಂದು ತೊಂದರೆ ಉಳಿದಿದೆ: ಲೆವೆಲ್ ವೈಂಡ್ ಬಲಗಡೆಯ ಅಂಚಿಗೆ ಬಂದಾಗ ಪ್ರತಿ ಬಾರಿಯೂ ಸ್ವಲ್ಪ ತಡವರಿಸಿ ಹಿಂದಿರುಗುತ್ತದೆ.

ಯಲಹಂಕ ಕೆರೆದಂಡೆ

ಅದು ಹುಳುತಿರುಪಿನ (ಲೆವೆಲ್ ವೈಂಡನ್ನು ಆಚೀಚೆ ಸಾಗಿಸುವ ಸುರುಳಿ ಕಡ್ಡಿಯ) ತೋಡಿನಲ್ಲಿ ಓಡುವ, ಪಾಲ್ ಎಂಬ ಅರ್ಧಚಂದ್ರಾಕಾರದ ಸಣ್ಣ ಹಲ್ಲು ಸವೆದಿರುವ ಲಕ್ಷಣ. ಅದರ ಕೆಳಗಿನ ಮುಚ್ಚಳವನ್ನು ಬಿಚ್ಚಿ ಹೊರಗೆ ತೆಗೆದು, ತುದಿ ಚೂಪಾಗಿದ್ದರೆ ಹೊಸದನ್ನು ತರಿಸಿ. ಉಜ್ಜಿ ಸರಿಪಡಿಸಲು ಹೋದರೆ ಹುಳುತಿರುಪಿನ ತೋಡೇ ಕೆಡುತ್ತದೆ. ಅಲ್ಲಿಗೆ ಗ್ರೀಸು ಬೇಡ, ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸಾಕು.