ಮಂದಿಯೊಳಗೆ ಬೆರೆಯದ ವಿದ್ಯಾರ್ಥಿಯ ಬಗ್ಗೆ ಯಾವ ಪದ ಬರೆಯಬೇಕು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಆಳಂದ ತಾಲ್ಲೂಕು

ನಮ್ಮ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಬಿಸಿಯೂಟದ ಹೊತ್ತಿಗೆ ತಟ್ಟೆ ಹಿಡಿದು ನೀರಿನ ಟಾಕಿಯ ಮಗ್ಗುಲಿಗೆ ಹೋಗಿ ಒಬ್ಬನೇ ಕುಳಿತು ಉಣ್ಣುತ್ತಾನೆ; ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾನೆ, ಆದರೆ ತಾನಾಗಿ ಯಾರನ್ನೂ ಮಾತನಾಡಿಸುವುದಿಲ್ಲ. ಪ್ರಗತಿ ಪತ್ರದಲ್ಲಿ ಅವನ ಸ್ವಭಾವವನ್ನು ಕುರಿತು ‘ಅಸಾಮಾಜಿಕ’ ಎಂದು ಬರೆಯಿರಿ ಎಂದು ಒಬ್ಬ ಸಹೋದ್ಯೋಗಿ ಹೇಳಿದರೆ, ‘ಸಮಾಜವಿರೋಧಿ’ ಎಂಬುದೇ ರೂಢಿಯಲ್ಲಿದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಓಣಿಯವರಂತೂ ‘ಆ ಹುಡ್ಗಗ ಸೊಕ್ಕು ಬಾಳ ಅದ’ ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ತಂದೆತಾಯಿ ಓದಿದರೆ ನೋಯದಂಥ, ಮುಂದಿನ ವರ್ಷದ ಶಿಕ್ಷಕರಿಗೆ ತಪ್ಪು ಅಭಿಪ್ರಾಯ ಮೂಡಿಸದಂಥ ಪದ ಯಾವುದು?

ಉತ್ತರ: ನಿವೃತ್ತ ಕನ್ನಡ ಉಪನ್ಯಾಸಕ, ಬೀದರ್

ಮೇಡಂ, ಆ ಎರಡು ಪದಗಳನ್ನು ದಯವಿಟ್ಟು ಬರೆಯಬೇಡಿ. ‘ಸಮಾಜವಿರೋಧಿ’ ಎಂಬುದನ್ನು ಪತ್ರಿಕೆಗಳು ‘ಸಮಾಜಘಾತುಕ’ ಎಂಬುದರ ಜೋಡಿಯಾಗಿ ಬಳಸುತ್ತವೆ. ಅದನ್ನು ಓದಿದವರ ಕಣ್ಣ ಮುಂದೆ ಕಲ್ಲು ತೂರುವವರು, ಹಫ್ತಾ ವಸೂಲಿ ಮಾಡುವವರು ಬಂದು ನಿಲ್ಲುತ್ತಾರೆ. ಮನೋವೈದ್ಯರು ಈ ಪದವನ್ನು ವ್ಯಕ್ತಿತ್ವದ ದೋಷವೊಂದಕ್ಕೆ ಬಳಸುವಾಗಲೂ ಇತರರ ಹಕ್ಕನ್ನು ಮತ್ತೆ ಮತ್ತೆ ತುಳಿಯುವ, ಸುಳ್ಳಿಗೂ ಮೋಸಕ್ಕೂ ಹೇಸದ ನಡತೆಯನ್ನೇ ಉದ್ದೇಶಿಸಿರುತ್ತಾರೆ. 18 ವರ್ಷ ತುಂಬದವರಿಗೆ ಆ ದೋಷದ ಹೆಸರನ್ನು ಅವರು ಹಚ್ಚುವುದೇ ಇಲ್ಲ. ‘ಅಸಾಮಾಜಿಕ’ ಸೌಮ್ಯವಾಗಿ ಕೇಳಿಸಬಹುದು, ಆದರೆ ಹಿಂದಿ ಸುದ್ದಿ ನೋಡುವವರು ಬಹಳವಿರುವ ನಮ್ಮ ಭಾಗದಲ್ಲಿ ‘ಅಸಾಮಾಜಿಕ ತತ್ವ’ ಎಂದರೆ ಗೂಂಡಾಗಳೆಂದೇ ಅರ್ಥ.

ರೂಢಿಗೆ ಎದುರು ನಿಲ್ಲುವುದು ಇವೆರಡಕ್ಕೂ ಸೇರದ ಸಂಗತಿ, ಮತ್ತು ನಮ್ಮ ನೆಲದಲ್ಲಿ ಅದು ಗೌರವದ ಮಾತು. ‘ಲೋಕವಿರೋಧಿ ಶರಣನಾರಿಗಂಜುವನಲ್ಲ’ ಎಂದು ಬಸವಣ್ಣನವರು ಹೇಳಿದ್ದಾರೆ. 12ನೆಯ ಶತಮಾನದಲ್ಲಿ ನಮ್ಮ ಜಿಲ್ಲೆಯ ಕಲ್ಯಾಣದಲ್ಲಿ ಸೇರಿದ ಶರಣರು ಜಾತಿಯ ಕಟ್ಟಳೆಯನ್ನು ಮುರಿದರೇ ಹೊರತು ಮಂದಿಯಿಂದ ದೂರ ಸರಿಯಲಿಲ್ಲ. ಕೂಡಿ ಕುಳಿತು ಮಾತನಾಡುವುದೇ ಅವರ ಬದುಕಾಗಿತ್ತು. ಲೋಕವನ್ನು ಎದುರಿಸುವವನು ಒಂಟಿಗನೇ ಆಗಬೇಕಿಲ್ಲ. ಒಂಟಿಯಾಗಿ ಉಣ್ಣುವ ನಿಮ್ಮ ಹುಡುಗ ಯಾವ ನಿಯಮವನ್ನೂ ಮೀರಿಲ್ಲ. ‘ಮಿತಭಾಷಿ’ ಎಂದು ಬರೆದರೆ ಸಾಕು.

ಉತ್ತರ: ಶಹಾಪುರ, ಯಾದಗಿರಿ ಜಿಲ್ಲೆ

ನಮ್ಮಲ್ಲಿ ಹಿರಿಯರು ಇಂಥವರನ್ನು ‘ಭಿಡೆ ಸ್ವಭಾವದವರು’ ಎನ್ನುತ್ತಾರೆ. ಮರಾಠಿಯ ನಂಟಿರುವ ಈ ಮಾತಿನಲ್ಲಿ ಸಂಕೋಚದ ಜೊತೆಗೆ ಎದುರಿನವರ ಮೇಲಿನ ಮರ್ಯಾದೆಯೂ ಸೇರಿದೆ. ಸೊಕ್ಕಿನವರು ಕೇಳಿದರೂ ಮಾರಿ ತಿರುವುತ್ತಾರೆ. ಈ ಹುಡುಗ ಉತ್ತರ ಕೊಡುತ್ತಾನೆಂದು ನೀವೇ ಬರೆದಿದ್ದೀರಿ. ‘ಗುಮ್ಮನಗುಸುಕ’ ಎಂಬ ಮಾತನ್ನಂತೂ ಯಾರೂ ಅವನಿಗೆ ಅಂಟಿಸದಿರಲಿ, ಅದರಲ್ಲಿ ಒಳಗೊಳಗೇ ಏನೋ ಹೂಡುತ್ತಿದ್ದಾನೆಂಬ ಸಂಶಯವಿದೆ.

ಉತ್ತರ: ಶಿಕ್ಷಕ, ಕಲಬುರಗಿ

ಈಚೆಗೆ ಇಂಥ ಮಕ್ಕಳಿಗೆಲ್ಲ ‘ಅಂತರ್ಮುಖಿ’ ಎನ್ನುವ ಅಭ್ಯಾಸ ಬೆಳೆದಿದೆ. ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ವಿವರಿಸಿದ ಆ ಕಲ್ಪನೆ ಹೊರಗಿಗಿಂತ ಒಳಗಿನ ಕಡೆ ತಿರುಗುವ ಮನಸ್ಸಿನ ಒಲವಿಗೆ ಸಂಬಂಧಿಸಿದ್ದು. ತಟ್ಟೆ ಹಿಡಿದು ದೂರ ಹೋಗುವುದನ್ನು ನೋಡಿದಷ್ಟಕ್ಕೇ ಆ ಒಲವು ಇದೆಯೆಂದು ಹೇಳಲಾಗದು. ಪದ ಹುಡುಕುವುದಕ್ಕೆ ಮೊದಲು ಅವನು ತಾನಾಗಿ ದೂರ ಕೂರುತ್ತಾನೋ, ಸಾಲಿನಲ್ಲಿ ಅವನಿಗೆ ಜಾಗವನ್ನೇ ಬಿಡುತ್ತಿಲ್ಲವೋ ಎಂಬುದನ್ನು ನೋಡಬೇಕು. ಜಾತಿಯ ಕಾರಣಕ್ಕೆ ಅವನನ್ನು ಹೊರಗಿಟ್ಟಿದ್ದರೆ ಅದು ಸಂವಿಧಾನದ 17ನೆಯ ವಿಧಿ ನಿಷೇಧಿಸಿರುವ ಅಸ್ಪೃಶ್ಯತೆ. ಆಗ ‘ಮಿತಭಾಷಿ’ ಎಂಬ ಒಳ್ಳೆಯ ಪದವೂ ಇತರರ ಅಪರಾಧವನ್ನು ಆ ಮಗುವಿನ ಸ್ವಭಾವವೆಂದು ದಾಖಲಿಸಿದಂತಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕೊನೆಯ ಉತ್ತರ ಕೇಳಿದ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಈ ವಾರ ಊಟದ ಸಾಲಿನಲ್ಲಿ ಮಕ್ಕಳ ಜೊತೆ ನಾನೂ ಕುಳಿತು ಗಮನಿಸುತ್ತೇನೆ, ಹುಡುಗನನ್ನೂ ಪ್ರತ್ಯೇಕವಾಗಿ ಮಾತನಾಡಿಸುತ್ತೇನೆ. ಅಲ್ಲಿಯವರೆಗೆ ಪ್ರಗತಿ ಪತ್ರದ ಆ ಸಾಲನ್ನು ಖಾಲಿ ಬಿಟ್ಟಿರುತ್ತೇನೆ.