ಎಮ್ಮಿ ಉಣ್ಣಿಗೆ ತಂದ ಔಷಧ ಕುದುರಿಗೆ ಹೊಡಿಬಹುದಾ? ನೊಣ ವಿಪರೀತ ಆಗ್ಯಾವ

ಪ್ರಶ್ನೆ (ಮುಧೋಳ)
ಎರಡು ಕುದುರಿ ಅದಾವ್ರಿ. ಲಾಯದ ಗ್ವಾಡಿಗೆ ಹತ್ತೇ ಎಮ್ಮಿ ಕೊಟ್ಟಿಗಿ. ಮಳಿ ಹಿಡದಾಗಿಂದ ಇಡೀ ದಿನ ಕಾಲು ಬಡಿತಾವ, ಕಣ್ಣಾಗ ನೀರು. ಕೆಳಗ ಕಬ್ಬಿನ ಸೋಗಿ ಹಾಸೈತಿ. ಅಮಿಟ್ರಾಜ್ 12.5% ಬಾಟ್ಲಿ ಉಳದೈತಿ, ನೀರಿಗೆ ಕಲಸಿ ಮೈಗೆ ಹೊಡದ್ರ ನಡಿತೈತೇನ್ರಿ?

ಉತ್ತರ (ಪಶುವೈದ್ಯರು, ಬಾಗಲಕೋಟೆ)
ದಯವಿಟ್ಟು ಹೊಡೆಯಬೇಡಿ. ಅಮಿಟ್ರಾಜ್ ದನ-ಎಮ್ಮೆಗೆ ಸರಿ, ಕುದುರೆಗೆ ಅಲ್ಲವೇ ಅಲ್ಲ. ಕುದುರೆಯ ದೊಡ್ಡ ಕರುಳಿನ ಚಲನೆಯನ್ನೇ ಅದು ತಡೆಯುತ್ತದೆ. ಲದ್ದಿ ಒಳಗೇ ಗಟ್ಟಿಯಾಗಿ ಕಟ್ಟಿಕೊಂಡು ಹೊಟ್ಟೆನೋವು ಬರುತ್ತದೆ, ಜೀವವೂ ಹೋಗಬಹುದು. ಲಕ್ಷಣ ಒಂದೆರಡು ದಿನ ತಡವಾಗಿಯೂ ಕಾಣಿಸಬಹುದು, ಹಾಗಾಗಿ ಹೊಡೆದ ದಿನ ಚೆನ್ನಾಗಿತ್ತು ಅನ್ನೋದಕ್ಕೆ ಅರ್ಥವಿಲ್ಲ. ಯಾರಾದರೂ ಈಗಾಗಲೇ ಹೊಡೆದಿದ್ದರೆ ಕೈಗವಸು ಹಾಕಿಕೊಂಡು ಸೋಪಿನ ನೀರಲ್ಲಿ ಮೈ ತೊಳೆದು, ಡಾಕ್ಟರನ್ನು ಕರೆಸಿ. ಗೊಟ್ಟದಿಂದ ಎಣ್ಣೆ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಳೇ ಡೈಕ್ಲೋರ್ವಾಸ್ ಕೀಟನಾಶಕದ ಬಾಟ್ಲಿಯನ್ನೂ ಮುಟ್ಟಬೇಡಿ, 2020ರ ಕೊನೆಯಿಂದ ಅದಕ್ಕೆ ನಿಷೇಧವಿದೆ. ಸೀಮೆಎಣ್ಣೆ, ಹಳೇ ಇಂಜಿನ್ ಆಯಿಲ್ ಚರ್ಮ ಸುಡುತ್ತವೆ.

ಕೊಟ್ಟಿಗೆ ಹತ್ತಿರ ಇರೋದೇ ನನಗೆ ಹೆಚ್ಚು ಚಿಂತೆ. ಸರ್ರಾ (ರಕ್ತದಲ್ಲಿ ಸೇರುವ ಸೂಕ್ಷ್ಮಜೀವಿಯಿಂದ ಬರುವ ರೋಗ) ಎಮ್ಮೆಯಲ್ಲಿ ಹೊರಗೆ ಕಾಣದೆಯೂ ಇರುತ್ತದೆ. ರಕ್ತ ಹೀರುವ ದೊಡ್ಡ ನೊಣ ಅದನ್ನು ಬಾಯಲ್ಲಿ ಹೊತ್ತು ಕುದುರೆಗೆ ದಾಟಿಸುತ್ತದೆ. ಬಿಟ್ಟು ಬಿಟ್ಟು ಜ್ವರ, ಮೇವು ತಿಂದರೂ ಸೊರಗೋದು, ಹೊಟ್ಟೆಯ ಕೆಳಗೆ ಅಥವಾ ಕಾಲಲ್ಲಿ ಬಾವು ಕಂಡರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಸಾಧ್ಯವಾದರೆ ಕುದುರೆಗಳನ್ನು ಬೇರೆ ಕಡೆ ಕಟ್ಟಿ.

ಉತ್ತರ (ಜಮಖಂಡಿ)
ಔಷಧಕ್ಕಿಂತ ಮೊದಲ ಯಾವ ನೊಣ ಅಂತ ನೋಡ್ರಿ. ಕಣ್ಣಿನ ಸುತ್ತ ಕೂಡೂದು ಮನಿ ನೊಣ, ಕಚ್ಚಂಗಿಲ್ಲ. ಕಾಲು ಬಡಸೂದು ಲಾಯದ ನೊಣ. ಗ್ವಾಡಿ ಮ್ಯಾಲೆ ತಲಿ ಮ್ಯಾಲಕ್ಕ ಮಾಡಿ ಕೂತಿರತೈತಿ, ಬಾಯಿಂದ ಸೂಜಿ ಹಂಗ ಕೊಂಡಿ ಮುಂದಕ್ಕ ಚಾಚಿರತೈತಿ. ಅದು ಹುಟ್ಟೂದು ಉಚ್ಚಿ ಕುಡದು ಕೊಳತ ಹಾಸಿಗ್ಯಾಗ. ನಿಮ್ಮ ಸೋಗಿ ಬುಡ ಕೆದರಿ ನೋಡ್ರಿ, ಬಿಳಿ ಹುಳ ಸಿಗ್ತಾವ.

ಲದ್ದಿ ದಿನಕ್ಕ ಎರಡು ಸಲ ತಗೀರಿ. ಹಸಿ ಹಾಸಿಗಿ ವಾರಕ್ಕ ಎರಡು ಸಲ ನೆಲ ಕಾಣೂ ತನಕ ಬಳೀರಿ. ಬ್ಯಾಸಗ್ಯಾಗ ತತ್ತಿಯಿಂದ ನೊಣ ಆಗಾಕ ಮನಿ ನೊಣಕ್ಕ 7-10 ದಿನ ಸಾಕು, ಲಾಯದ ನೊಣಕ್ಕ ಎರಡು-ಮೂರು ವಾರ. ಅದರೊಳಗ ಹುಳ ಹೊರಗ ಹೋಗಬೇಕು. ಗ್ವಾದ್ಲಿ ಬುಡದಾಗ ಬಿದ್ದ ಕಣಕಿ ಎಲ್ಲಾರೂ ಮರೀತಾರ, ಅಲ್ಲೇ ಭಾಳ ಹುಟ್ತಾವ. ತಿಪ್ಪಿ ದೂರ ಒಟ್ಟಿ, ಕರಿ ತಾಡಪತ್ರಿ ಬಿಗಿಯಾಗಿ ಹೊಚ್ಚಿ ಅಂಚಿಗೆ ಮಣ್ಣು ಹಾಕ್ರಿ, ಒಳಗಿನ ಕಾವಿಗೆ ಹುಳ ಸಾಯ್ತಾವ.

ಪ್ರಶ್ನೆ (ಮುಧೋಳ)
ಬಾಟ್ಲಿ ತಗದಿಟ್ಟೆ, ಸೋಗಿ ಇವತ್ತ ತಗಸ್ತೀನಿ. ಅಲ್ಲೀತನಕ ಮೈಗೆ ಏನ ಹಚ್ಚೂದು? ಬೇವಿನ ಎಣ್ಣಿ?

ಉತ್ತರ (ಬೆಳಗಾವಿ)
ಹಚ್ಚಬಹುದು, ತಿಳಿ ಮಾಡಿ. ಲೀಟರ್ ನೀರಿಗೆ 20 ಮಿ.ಲೀ. ಎಣ್ಣೆ, ಎಣ್ಣೆ ನೀರಲ್ಲಿ ಬೆರೆಯಲು ನಾಲ್ಕಾರು ಹನಿ ಸೌಮ್ಯ ಶಾಂಪೂ. ಮೊದಲು ಕುತ್ತಿಗೆ ಮೇಲೆ ಅಂಗೈ ಅಗಲ ಹಚ್ಚಿ ಒಂದು ದಿನ ಬಿಡಿ. ಬಾವು, ಕೆಂಪು ಕಂಡರೆ ಬೇಡ. ಕೆಲವೇ ತಾಸು ತಡೆಯುತ್ತದೆ ಅಷ್ಟೇ. ಕಣ್ಣು, ಗಾಯ, ಜೀನಿನ ಜಾಗ ಬಿಡಿ.

ಸ್ಪ್ರೇ ಕೊಳ್ಳೋದಾದರೆ ಲೇಬಲ್ ಮೇಲೆ ಕುದುರೆಗೆ ಅಂತ ಬರೆದಿರೋ ಪರ್ಮೆಥ್ರಿನ್ ಮಾತ್ರ, ಅದರಲ್ಲಿ ಬರೆದ ಅಳತೆಯಲ್ಲೇ. ಬೆಕ್ಕಿಗೆ ಅದು ವಿಷ. ಮುಖಕ್ಕೆ ನೇರ ಹೊಡೆಯದೆ ಬಟ್ಟೆಗೆ ಹಾಕಿ ಒರೆಸಿ. ಕಳೆನಾಶಕ ಹೊಡೆದ ಪಂಪು ಎಷ್ಟು ತೊಳೆದರೂ ಬೇಡ.

ಕಣ್ಣಿಗೆ ಜಾಲರಿ ಮುಖವಾಡ ಕಟ್ಟಿ, ದಿನಾ ಸಂಜೆ ಬಿಚ್ಚಿ ಉಜ್ಜಿದ ಜಾಗ ನೋಡಿ. ಕಣ್ಣು ಒರೆಸಲು ಒಂದೊಂದು ಕುದುರೆಗೂ ಬೇರೆ ಬಟ್ಟೆ. ಲಾಯದಲ್ಲಿ ದೊಡ್ಡ ಫ್ಯಾನು ಕಾಲಿನ ಎತ್ತರಕ್ಕೂ ಗಾಳಿ ಬರುವಂತೆ ಇಡಿ, ಆ ಗಾಳಿಗೆ ನೊಣ ಕೂರೋದು ಕಷ್ಟ. ವೈರು ಮಾತ್ರ ಕುದುರೆ ಬಾಯಿಗೆ ಸಿಗಬಾರದು.